ಭಾಷಾಧ್ಯಾಪಕರ ವೃತ್ತಿ ಅಸ್ಮಿತೆ: ಕಾಸರಗೋಡಿನ ನೆಲೆಯಿಂದ ಒಂದು ವಿವೇಚನೆ

೧

ಭಾಷೆಯನ್ನು ಬಲ್ಲವರೆಲ್ಲರೂ ಭಾಷಾಧ್ಯಾಪಕರಾಗುವುದಿಲ್ಲ. ಅಧ್ಯಾಪಕ ಹುದ್ದೆಗೆ ನೇಮಕಗೊಂಡವರೆಲ್ಲರೂ ಆ ವೃತ್ತಿಯನ್ನು ತಮ್ಮದನ್ನಾಗಿ ಮಾಡಿಕೊಳ್ಳುತ್ತಾರೆಂದೂ ಹೇಳುವಂತಿಲ್ಲ. ಪದವಿ, ತರಬೇತಿ, ನೇಮಕಪತ್ರ ಇವು ಮೂರೂ ಕೈಸೇರಿದ ಮೇಲೆಯೂ 'ನಾನು ಅಧ್ಯಾಪಕ' ಎಂಬ ನಂಬಿಕೆ ಮನಸ್ಸಿನಲ್ಲಿ ನೆಲೆಗೊಳ್ಳಲು ಕಾಲ ಹಿಡಿಯುತ್ತದೆ. ಆ ನಂಬಿಕೆಯನ್ನೇ ನಾವು ಇಲ್ಲಿ ವೃತ್ತಿ ಅಸ್ಮಿತೆ ಎಂದು ಕರೆದಿದ್ದೇವೆ. ಅದು ಹೇಗೆ ರೂಪುಗೊಳ್ಳುತ್ತದೆ, ಯಾವುದರಿಂದ ಕೆಡುತ್ತದೆ ಎಂಬುದನ್ನು ಕೇರಳದ ಕನ್ನಡ ಅಧ್ಯಾಪಕರ ಸಂದರ್ಭದಲ್ಲಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರ ನಮ್ಮ ಮನಸ್ಸನ್ನು ಹೊಕ್ಕದ್ದು ತ್ರಿಪ್ಪುಣಿತ್ತುರದಲ್ಲಿ. ಕುಮಾರವ್ಯಾಸನ ಭಾರತವನ್ನೂ ಮಲಯಾಳದ ಎಳುತ್ತಚ್ಛನ್ನನ ಭಾರತವನ್ನೂ ಹೋಲಿಸಿ ನೋಡುವ ಕೆಲಸಕ್ಕಾಗಿ ನಾವು ಕೆಲವು ಕಾಲ ಆ ಊರಿನಲ್ಲಿ ತಂಗಿದ್ದೆವು. ಕೊಚ್ಚಿ ಅರಸರ ವಾಸಸ್ಥಾನವಾಗಿದ್ದ ಅಲ್ಲಿ ಸಂಸ್ಕೃತ ಕಾಲೇಜೊಂದು ೧೯೧೪ರಿಂದ ನಡೆದುಬಂದಿದೆ. ವಿದ್ಯೆಯನ್ನು ಗೌರವಿಸುವ ಊರು. ಅಲ್ಲಿರುವಾಗ ಒಂದು ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಮಗಳೊಡನೆ ಬಂದರು. ಮನೆ ಕಾಸರಗೋಡಿನ ಕಡೆ. ತಿರುವನಂತಪುರದಲ್ಲಿ ಮಗಳ ಸಂದರ್ಶನ ಮುಗಿಸಿ ಊರಿಗೆ ಮರಳುವ ದಾರಿಯಲ್ಲಿ ಇಳಿದವರು. ಆಕೆ ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಬಿ.ಎಡ್. ಮುಗಿಸಿ, ಒಂದು ವರ್ಷ ದಿನವೇತನದ ಮೇಲೆ ಪಾಠ ಹೇಳಿದ್ದರು. ಕೆಲಸ ಹೇಗಿತ್ತೆಂದು ಕೇಳಿದೆವು. "ಪಾಠ ಮಾಡ್ತೇನೆ ಸರ್. ಮಕ್ಕಳು ಟೀಚರ್ ಅಂತ ಕರೀತಾರೆ. ಆದರೆ ಯಾರದೋ ಸೀರೆ ಉಟ್ಟುಕೊಂಡು ಮದುವೆಗೆ ಹೋದ ಹಾಗೆ ಆಗ್ತದೆ" ಎಂದರು. ತಂದೆ ನಕ್ಕರು. ನಮಗೆ ನಗು ಬರಲಿಲ್ಲ. ವೃತ್ತಿಗೆ ಕಾಲಿಟ್ಟ ಹೊಸದರಲ್ಲಿ ನಾವೂ ಅಂಥ ಎರವಲು ಉಡುಪನ್ನು ಹಲವು ವರ್ಷ ತೊಟ್ಟಿದ್ದೆವು.

೨

ಆಕೆಯ ಮಾತನ್ನು ಅರ್ಥಮಾಡಿಕೊಳ್ಳಲು ಮೊದಲು ಅಧ್ಯಾಪಕರಿಗೆ ನಮ್ಮ ಸಮಾಜ ಕೊಟ್ಟಿರುವ ಹೆಸರುಗಳನ್ನು ಗಮನಿಸಬೇಕು. ಇಂಗ್ಲಿಷ್ ಮಾದರಿಯ ಶಾಲೆಗಳು ಬರುವ ಮುನ್ನ ಕನ್ನಡ ನಾಡಿನಲ್ಲಿ ಅಕ್ಷರ ಕಲಿಸುತ್ತಿದ್ದವರು ಕೂಲಿಮಠದ ಐಗಳು. ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಹೇಳಿಸಿ, ಜೈಮಿನಿ ಭಾರತದಂತಹ ಕಾವ್ಯಗಳನ್ನು ಬಾಯಿಪಾಠ ಮಾಡಿಸುವುದು ಅವರ ಕೆಲಸವಾಗಿತ್ತು. ಬ್ರಿಟಿಷರ ಆಡಳಿತದಲ್ಲಿ 'ಪಂಡಿತ' ಎಂಬ ಹುದ್ದೆ ಬಂತು. ಕೇರಳದ ಶಾಲೆಗಳಲ್ಲಿ ಭಾಷೆ ಕಲಿಸುವವನಿಗೆ 'ಮುನ್ಷಿ' ಎಂದು ಹೆಸರಾಯಿತು. ಕರಾವಳಿಯ ಹಳ್ಳಿಗಳಲ್ಲಿ 'ಮಾಷ್ಟ್ರು', ಮಲಯಾಳಿಗಳ ಬಾಯಲ್ಲಿ 'ಮಾಷ್', ಇಂದು ಎಲ್ಲೆಡೆಯೂ 'ಟೀಚರ್'. ಹೆಸರು ಬದಲಾದಂತೆ ಸ್ಥಾನವೂ ಬದಲಾಗಿದೆ. ಐಗಳು ಊರಿಗೆ ಸೇರಿದವರು, ಪಂಡಿತರು ಇಲಾಖೆಗೆ ಸೇರಿದವರು. ಗಣಿತವನ್ನೋ ಇಂಗ್ಲಿಷನ್ನೋ ಕಲಿಸುವವರ ಎದುರಿನಲ್ಲಿ ಪಂಡಿತರ ಸಂಬಳವೂ ಮರ್ಯಾದೆಯೂ ಬಹುಕಾಲ ಕೆಳಮಟ್ಟದಲ್ಲಿದ್ದವು. ಕನ್ನಡ ಅಧ್ಯಾಪಕರಿಗೆ ವಿಶ್ವವಿದ್ಯಾನಿಲಯದ ಮಟ್ಟದ ಗೌರವ ದೊರೆಯಲಾರಂಭಿಸಿದ್ದು ಮೈಸೂರಿನಲ್ಲಿ ೧೯೨೭ರಲ್ಲಿ ಕನ್ನಡ ಎಂ.ಎ. ತರಗತಿ ತೆರೆದ ಮೇಲೆಯೇ. ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ಓದಿದ್ದ ಕುವೆಂಪು ಅವರು ಟಿ. ಎಸ್. ವೆಂಕಣ್ಣಯ್ಯನವರ ಮಾತಿನಂತೆ ಆ ಮೊದಲ ತಂಡವನ್ನು ಸೇರಿ, ೧೯೨೯ರಲ್ಲಿ ಕನ್ನಡ ಅಧ್ಯಾಪಕರಾದ ಸಂಗತಿ ಪ್ರಸಿದ್ಧವಾಗಿದೆ.

ಈ ಹೆಸರುಗಳ ನಡುವೆ ಎರಡು ನಮ್ಮ ವಿಷಯಕ್ಕೆ ವಿಶೇಷವಾಗಿ ಸಂಬಂಧಿಸಿವೆ. ಮೊದಲನೆಯದು 'ಎಳುತ್ತಚ್ಛನ್'. ಎಳುತ್ತು ಎಂದರೆ ಬರಹ, ಅಚ್ಛನ್ ಎಂದರೆ ತಂದೆ. ಹಳ್ಳಿಯಲ್ಲಿ ಅಕ್ಷರ ಕಲಿಸುವವನಿಗೆ ಕೇರಳದಲ್ಲಿ ಇದ್ದ ಹೆಸರೇ ಅದು. ಮಲಯಾಳ ಸಾಹಿತ್ಯದ ಮಹಾಕವಿಯನ್ನು ಜನ ಇಂದಿಗೂ ಈ ವೃತ್ತಿನಾಮದಿಂದಲೇ ಗುರುತಿಸುತ್ತಾರೆಂಬುದು ಸಾಮಾನ್ಯ ಸಂಗತಿಯಲ್ಲ. ಎರಡನೆಯದು 'ಕವಿಶಿಷ್ಯ'. ದಕ್ಷಿಣ ಕನ್ನಡದ ಪಂಜೆ ಮಂಗೇಶರಾಯರು (೧೮೭೪-೧೯೩೭) ತಮಗೆ ತಾವೇ ಇಟ್ಟುಕೊಂಡ ಕಾವ್ಯನಾಮ ಇದು. ಅವರು ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿದ್ದರು, ಶಾಲೆಗಳ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿದರು, ಮಕ್ಕಳಿಗಾಗಿ ಹಾಡುಗಳನ್ನು ಕಟ್ಟಿದರು, ೧೯೩೪ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸಾವಿರಾರು ಮಕ್ಕಳಿಗೆ ಗುರುವಾದವರು ಸಾಹಿತ್ಯದ ಎದುರಿನಲ್ಲಿ ಶಿಷ್ಯರಾಗಿ ನಿಂತರು.

ಅಕ್ಷರದ ತಂದೆ ಒಬ್ಬ, ಕವಿಯ ಶಿಷ್ಯ ಇನ್ನೊಬ್ಬ. ಭಾಷಾಧ್ಯಾಪಕರ ಅಸ್ಮಿತೆ ಈ ಎರಡೂ ಸೇರಿದಾಗ ಮಾತ್ರ ಪೂರ್ಣವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ನೇಮಕಪತ್ರ ಮೊದಲನೆಯ ಅಧಿಕಾರವನ್ನು ಒಂದೇ ದಿನದಲ್ಲಿ ಕೊಡುತ್ತದೆ. ಎರಡನೆಯದನ್ನು ಯಾವ ಇಲಾಖೆಯೂ ಕೊಡಲಾರದು. ಹೊಸಬರ ತೊಳಲಾಟವೆಲ್ಲ ಈ ಅಂತರದಲ್ಲಿಯೇ ಇದೆ.

೩

ಕಾಸರಗೋಡಿನಲ್ಲಿ ಈ ಅಂತರ ಇನ್ನಷ್ಟು ಹಿರಿದಾಗಲು ಚಾರಿತ್ರಿಕ ಕಾರಣಗಳಿವೆ. ೧೯೫೬ರ ಅಕ್ಟೋಬರ್ ೩೧ರವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಅಲ್ಲಿಯ ಕನ್ನಡ ಅಧ್ಯಾಪಕರಿಗೆ ಮಂಗಳೂರೇ ಕೇಂದ್ರ. ತರಬೇತಿ, ಪಠ್ಯಪುಸ್ತಕ, ಪತ್ರಿಕೆ, ಸಾಹಿತ್ಯ ಗೋಷ್ಠಿ ಎಲ್ಲವೂ ಅಲ್ಲಿಂದಲೇ. ನವೆಂಬರ್ ೧ರಂದು ಭಾಷಾವಾರು ರಾಜ್ಯಗಳು ರಚನೆಯಾದಾಗ ತಾಲೂಕು ಕೇರಳಕ್ಕೆ ಸೇರಿತು. ಹಿಂದಿನ ಸಂಜೆ ನಾಡಿನ ಭಾಷೆಯನ್ನು ಕಲಿಸುತ್ತಿದ್ದವರು ಮರುದಿನ ಬೆಳಗ್ಗೆ ಅಲ್ಪಸಂಖ್ಯಾತರ ಭಾಷೆಯನ್ನು ಕಲಿಸುವವರಾದರು. ಶಾಲೆ ಅದೇ, ಕರಿಹಲಗೆ ಅದೇ, ಮಕ್ಕಳೂ ಅವರೇ. ಅಧ್ಯಾಪಕರ ಅರ್ಥ ಮಾತ್ರ ಬದಲಾಗಿತ್ತು. ಅವರ ಕಡತಗಳು ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ತಿರುವನಂತಪುರವನ್ನು ಮುಟ್ಟಬೇಕಾಯಿತು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯುವಂತೆ ರಾಜ್ಯಗಳು ಅನುಕೂಲ ಕಲ್ಪಿಸಬೇಕೆಂದು ಹೇಳುವ ಸಂವಿಧಾನದ ೩೫೦ಎ ವಿಧಿ ಏಳನೆಯ ತಿದ್ದುಪಡಿಯ ಮೂಲಕ ಜಾರಿಗೆ ಬಂದದ್ದೂ ೧೯೫೬ರ ಅದೇ ನವೆಂಬರ್ ೧ರಂದು. ಗಡಿ ಬದಲಾದ ದಿನವೇ ಗಡಿಯ ಮಕ್ಕಳಿಗೆ ಭರವಸೆಯೂ ದೊರೆಯಿತೆನ್ನಬೇಕು. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗ ೧೯೬೭ರಲ್ಲಿ ಶಿಫಾರಸು ಮಾಡಿತು. ಆದರೆ ಅದು ಜಾರಿಗೆ ಬರಲಿಲ್ಲ. ೧೯೮೪ರ ಮೇ ೨೪ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ರಾಜ್ಯದ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ೨೦೧೭ರಲ್ಲಿ ಬಂದಾಗ ಕನ್ನಡಿಗರ ಆತಂಕ ಮತ್ತೊಮ್ಮೆ ಬೀದಿಗೆ ಬಂತು.

ಇಂತಹ ನಾಡಿನಲ್ಲಿ ಕನ್ನಡ ಅಧ್ಯಾಪಕರು ಬರಿಯ ಅಧ್ಯಾಪಕರಾಗಿ ಉಳಿಯುವುದು ಕಷ್ಟ. ಇದಕ್ಕೆ ಕಯ್ಯಾರ ಕಿಞ್ಞಣ್ಣ ರೈ (೧೯೧೫-೨೦೧೫) ಅವರಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದ ಅವರು ಸ್ವಾತಂತ್ರ್ಯ ಹೋರಾಟಗಾರರು, ಕೃಷಿಕರು, ಕವಿಗಳು, ಕಾಸರಗೋಡಿನ ವಿಲೀನೀಕರಣ ಚಳುವಳಿಯ ಮುಂದಾಳುಗಳು. ೧೯೬೯ರಲ್ಲಿ ಅವರಿಗೆ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ ಬಂತು. ಒಬ್ಬರೇ ವ್ಯಕ್ತಿಯಲ್ಲಿ ಇಷ್ಟೆಲ್ಲ ಸೇರಿದ್ದು ಆ ಪೀಳಿಗೆಯ ಭಾಗ್ಯ. ಆದರೆ ಇಂದು ನೇಮಕಗೊಳ್ಳುವ ಇಪ್ಪತ್ತೈದರ ಹರೆಯದ ಅಧ್ಯಾಪಿಕೆಯಿಂದಲೂ ಸಮಾಜ ಅದನ್ನೇ ನಿರೀಕ್ಷಿಸಿದರೆ ಆಕೆಗೆ ತೊಟ್ಟ ಉಡುಪು ಪರರದೆನಿಸುವುದು ಸಹಜ.

೪

ಹೊಸ ಅಧ್ಯಾಪಕರು ತರಗತಿಗೆ ಬರಿಗೈಯಲ್ಲಿ ಬರುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ ೧೯೭೫ರಲ್ಲಿ ಪ್ರಕಟಿಸಿದ ಶಾಲಾ ಅಧ್ಯಾಪಕರನ್ನು ಕುರಿತ ಗ್ರಂಥದಲ್ಲಿ ಈ ಸಂಗತಿಯನ್ನು ವಿವರಿಸಿದ್ದಾರೆ. ಬೇರೆ ವೃತ್ತಿಗಳಲ್ಲಿ ಹೊಸಬರು ಕೆಲಸವನ್ನು ಹೊರಗಿನಿಂದ ಬಂದು ಕಲಿಯುತ್ತಾರೆ. ಅಧ್ಯಾಪಕ ವೃತ್ತಿಗೆ ಬರುವವರಾದರೋ ಬಾಲ್ಯದಿಂದಲೂ ಬೆಂಚಿನ ಮೇಲೆ ಕುಳಿತು ಸಾವಿರಾರು ಗಂಟೆ ಆ ಕೆಲಸವನ್ನು ನೋಡಿರುತ್ತಾರೆ. ಇದೊಂದು ಬಗೆಯ ಉಮೇದುವಾರಿಕೆಯೇ ಸರಿ. ಆದರೆ ಅವರು ನೋಡಿದ್ದು ಮೇಷ್ಟರ ಮುಖವನ್ನು ಮಾತ್ರ. ಪಾಠಕ್ಕೆ ಮುಂಚಿನ ಸಿದ್ಧತೆ, ಪಾಠ ಕೆಟ್ಟ ದಿನದ ಸಂಕಟ ಇವು ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಆದುದರಿಂದ ಕಷ್ಟ ಬಂದೊಡನೆ ತರಬೇತಿಯಲ್ಲಿ ಕಲಿತದ್ದನ್ನು ಬಿಟ್ಟು ತಮ್ಮ ಹಳೆಯ ಮೇಷ್ಟರ ದನಿಯನ್ನು ಎರವಲು ಪಡೆಯುತ್ತಾರೆ.

ಇದರ ಒಂದು ಉದಾಹರಣೆಯನ್ನು ನಮ್ಮ ಅನುಭವದಿಂದಲೇ ಕೊಡಬಹುದು. ವೃತ್ತಿಯ ಮೊದಲ ವರ್ಷ ಕರಾವಳಿಯ ಕಡೆಯ ವಿದ್ಯಾರ್ಥಿಯೊಬ್ಬ ಪ್ರಬಂಧದಲ್ಲಿ 'ನಮ್ಮ ಮನೆಯಲ್ಲಿ ಎರಡು ದನ ಉಂಟು' ಎಂದು ಬರೆದಿದ್ದ. ನಾವು ಕೆಂಪು ಶಾಯಿಯಿಂದ 'ಉಂಟು' ಎಂಬುದನ್ನು ಹೊಡೆದುಹಾಕಿ 'ಇವೆ' ಎಂದು ತಿದ್ದಿದೆವು. ನಮ್ಮ ಮೇಷ್ಟರೂ ಹಾಗೆಯೇ ತಿದ್ದುತ್ತಿದ್ದರು. ಉತ್ತರ ಪುಸ್ತಕವನ್ನು ನೋಡಿದ ಹಿರಿಯ ಸಹೋದ್ಯೋಗಿಯೊಬ್ಬರು ನಿಧಾನವಾಗಿ ಕೇಳಿದರು: "ನಿಮ್ಮ ಸಂಶೋಧನೆ ನಡುಗನ್ನಡ ಕಾವ್ಯದ ಮೇಲಲ್ಲವೆ? ವಚನಕಾರರ 'ಉಂಟು'ಗಳನ್ನೂ ತಿದ್ದುತ್ತೀರಾ?" ನಮಗೆ ಉತ್ತರ ತೋಚಲಿಲ್ಲ. ಗ್ರಂಥದಲ್ಲಿ ಕಂಡಾಗ ಪ್ರಾಚೀನ ಪ್ರಯೋಗವೆಂದು ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಪದವನ್ನೇ ಹುಡುಗನ ಬರಹದಲ್ಲಿ ತಪ್ಪೆಂದು ಹೊಡೆದುಹಾಕಿದ್ದೆವು. ಅಂದು ತಿದ್ದಿದವರು ನಾವಲ್ಲ, ನಮ್ಮೊಳಗೆ ಕುಳಿತಿದ್ದ ಹಳೆಯ ಮೇಷ್ಟರು.

ಆ ಒಂದು ಪದವನ್ನು ಕಾಸರಗೋಡಿನ ತರಗತಿಯಲ್ಲಿಟ್ಟು ನೋಡಬೇಕು. ಸಪ್ತಭಾಷೆಗಳ ಸಂಗಮವೆಂದು ಹೆಸರಾದ ನಾಡು ಅದು. ತುಳು ಮನೆಯಿಂದ ಬಂದ ಮಗು 'ಉಂಡು' ಎನ್ನುತ್ತದೆ. ಮಲಯಾಳ ಮನೆಯ ಮಗುವಿನ ಬಾಯಲ್ಲಿ 'ಉಂಡ್' ಇದೆ. ಹವ್ಯಕರ ಮಗು 'ಇದ್ದು' ಎನ್ನುತ್ತದೆ. ಕೊಂಕಣಿ, ಮರಾಠಿ, ಬ್ಯಾರಿ ಮಾತನಾಡುವ ಮಕ್ಕಳೂ ಅದೇ ಬೆಂಚಿನಲ್ಲಿದ್ದಾರೆ. ಪಠ್ಯಪುಸ್ತಕದಲ್ಲಿ 'ಇದೆ' ಎಂದಿದೆ. ಹೊಸ ಅಧ್ಯಾಪಕರು ಇಷ್ಟನ್ನೂ ತಪ್ಪು ಎಂಬ ಒಂದೇ ಪಟ್ಟಿಗೆ ಸೇರಿಸಬಹುದು. ಆಗ ಮಗು ತನ್ನ ಮನೆಯ ಭಾಷೆಯೇ ತಪ್ಪೆಂದು ತಿಳಿದು ಬಾಯಿ ಮುಚ್ಚುತ್ತದೆ. ಅಥವಾ 'ಉಂಟು', 'ಉಂಡು', 'ಉಂಡ್' ಇವುಗಳ ನಡುವಿನ ನಂಟನ್ನು ತೋರಿಸಿ, ಬರವಣಿಗೆಯ ಕನ್ನಡದಲ್ಲಿ 'ಇದೆ' ಎಲ್ಲಿ ಬೇಕು ಎಂಬುದನ್ನು ಬೇರೆಯಾಗಿ ಕಲಿಸಬಹುದು. ಶಿಷ್ಟರೂಪವನ್ನು ಕಲಿಸಲೇಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಅದನ್ನು ಮಗುವಿನ ಮಾತನ್ನು ಅಳಿಸಿ ಕಲಿಸಬೇಕೆ, ಅದರ ಪಕ್ಕದಲ್ಲಿಟ್ಟು ಕಲಿಸಬೇಕೆ ಎಂಬುದಷ್ಟೇ ಪ್ರಶ್ನೆ. ಕನ್ನಡದೊಳಗೇ ಹಲವು ಕನ್ನಡಗಳಿವೆಯೆಂಬುದನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಗುರುತಿಸಿರುವಾಗ ಇಂದಿನ ಅಧ್ಯಾಪಕರು ಅದನ್ನು ಕಂಡು ಬೆದರಬೇಕಾಗಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಪಂಜೆಯವರ ಮನೆಮಾತು ಕೊಂಕಣಿ. ಮಂಜೇಶ್ವರದ ಗೋವಿಂದ ಪೈಗಳದೂ ಕೊಂಕಣಿಯೇ. ಅವರಿಗೆ ೧೯೪೯ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಎಂಬ ಗೌರವ ನೀಡಿತು. ಕಯ್ಯಾರರ ಮನೆಮಾತು ತುಳು. ಆ ಸೀಮೆಯ ಕನ್ನಡವನ್ನು ಬೆಳೆಸಿದವರಲ್ಲಿ ಎಷ್ಟೋ ಮಂದಿ ಕನ್ನಡವನ್ನು ಶಾಲೆಯಲ್ಲಿ ಪಡೆದು ತಮ್ಮದನ್ನಾಗಿ ಮಾಡಿಕೊಂಡವರು. ಹಾಗಿರುವಾಗ ಮನೆಯಲ್ಲಿ ಬೇರೆ ಭಾಷೆಯಾಡುವ ಮಗುವನ್ನು ಕನ್ನಡಕ್ಕೆ ಹೊರಗಿನದೆಂದು ಬಗೆಯುವ ಅಧ್ಯಾಪಕರು ತಮ್ಮ ಪರಂಪರೆಯನ್ನೇ ಮರೆತಂತೆ.

೫

ಅಸ್ಮಿತೆ ಕೆಡುವ ದಾರಿಗಳು ಎರಡು. ಮೊದಲನೆಯದು, ಭಾಷೆಯಿಲ್ಲದೆ ಹುದ್ದೆ ದೊರೆಯುವುದು. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಗಣಿತ, ವಿಜ್ಞಾನ, ಸಮಾಜ ವಿಷಯಗಳನ್ನು ಬೋಧಿಸಲು ಕನ್ನಡ ಸರಿಯಾಗಿ ಬಾರದವರು ನೇಮಕಗೊಂಡದ್ದು, ವಿದ್ಯಾರ್ಥಿಗಳೂ ಪೋಷಕರೂ ಪ್ರತಿಭಟಿಸಿದ್ದು, ವಿವಾದ ನ್ಯಾಯಾಲಯದವರೆಗೆ ಹೋದದ್ದು ಈ ಜಿಲ್ಲೆಯಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ವರದಿಯಾಗಿವೆ. ಮಕ್ಕಳಿಗಾಗುವ ನಷ್ಟ ಸ್ಪಷ್ಟವಾದುದು. ಹತ್ತನೆಯ ತರಗತಿಯ ಹೊಸ್ತಿಲಿನಲ್ಲಿರುವ ಮಗುವಿಗೆ ಕಳೆದುಹೋದ ಒಂದು ವರ್ಷವನ್ನು ಯಾರೂ ಹಿಂದಿರುಗಿಸಲಾರರು. ಇಂತಹ ನೇಮಕಾತಿಯಲ್ಲಿ ಅಧ್ಯಾಪಕರಿಗೂ ಅನ್ಯಾಯವಾಗುತ್ತದೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅರ್ಹತೆಯಿಂದ ಆಯ್ಕೆಯಾಗಿ ಬಂದವರು ತರಗತಿಯಲ್ಲಿ ಮೂಕರಾಗಿ ನಿಲ್ಲಬೇಕಾಗುತ್ತದೆ. ಮಕ್ಕಳ ಪ್ರಶ್ನೆ ಅವರಿಗೆ ತಿಳಿಯದು, ಅವರ ಉತ್ತರ ಮಕ್ಕಳಿಗೆ ತಿಳಿಯದು. ನೇಮಕಪತ್ರವೊಂದರಿಂದಲೇ ಅಧ್ಯಾಪಕರಾಗುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಕಠಿಣವಾದ ಸಾಕ್ಷ್ಯ ಬೇಕಿಲ್ಲ.

ಎರಡನೆಯ ದಾರಿ ಇದಕ್ಕೆ ವಿರುದ್ಧವಾದುದು; ಹೊರಗಿನಿಂದ ನೋಡುವವರಿಗೆ ದೋಷವಾಗಿ ಕಾಣದು. ಭಾಷೆಗೆ ಅಪಾಯವಿದೆಯೆಂಬ ಭಾವನೆ ಬಲವಾಗಿರುವಲ್ಲಿ ಹೊಸ ಅಧ್ಯಾಪಕರು ತಮ್ಮನ್ನು ಭಾಷೆಯ ಕಾವಲುಗಾರರೆಂದು ಭಾವಿಸುತ್ತಾರೆ. ಕಾವಲುಗಾರರಿಗೆ ಒಳಗೆ ಬರುವವರೆಲ್ಲರ ಮೇಲೂ ಶಂಕೆ. ಮಗು ಮಲಯಾಳದ ಒಂದು ಪದ ಬಳಸಿದರೆ ಗಡಿ ಮುರಿದಂತೆ ಅವರಿಗೆ ತೋರುತ್ತದೆ. ಸಭೆಗಳಲ್ಲಿ ಕನ್ನಡದ ಪರವಾಗಿ ಆವೇಶದಿಂದ ಮಾತನಾಡುವ ಇಂತಹವರು ತರಗತಿಯಲ್ಲಿ ಕನ್ನಡವನ್ನು ಪ್ರೀತಿಸುವಂತೆ ಮಾಡಲಾರದೆ ಹೋದದ್ದನ್ನು ನಾವು ಕಂಡಿದ್ದೇವೆ. ಹೋರಾಟ ಬೇಡವೆಂದು ನಾವು ಹೇಳುತ್ತಿಲ್ಲ. ಹೋರಾಟವಿಲ್ಲದಿದ್ದರೆ ಅಲ್ಲಿ ಎಷ್ಟೋ ಕನ್ನಡ ತರಗತಿಗಳೇ ಉಳಿಯುತ್ತಿರಲಿಲ್ಲ. ಆದರೆ ಬೀದಿಯಲ್ಲಿ ಬೇಕಾದ ದನಿ ಬೇರೆ, ಹತ್ತು ವರ್ಷದ ಮಗುವಿನ ಎದುರಿನಲ್ಲಿ ಬೇಕಾದ ದನಿ ಬೇರೆ.

ಕಾವಲುಗಾರ ಅಕ್ಷರದ ತಂದೆಯ ಅಧಿಕಾರವನ್ನು ಮಾತ್ರ ಕಂಡವನು. ಕವಿಶಿಷ್ಯನ ವಿನಯ ಅವನಿಗೆ ಇನ್ನೂ ಬಂದಿಲ್ಲ.

೬

ಆ ವಿನಯವನ್ನು ತರುವ ಬಗೆ ಯಾವುದು? ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಅವರು ೧೯೯೧ರಲ್ಲಿ ಮಂಡಿಸಿದ ವಿಚಾರದಂತೆ ವೃತ್ತಿಯ ಕಲಿಕೆಯೆಂದರೆ ಆ ವೃತ್ತಿಯವರ ಸಮುದಾಯದೊಳಗೆ ಅಂಚಿನಿಂದ ನಡುವಿನ ಕಡೆಗೆ ಕ್ರಮವಾಗಿ ಸಾಗುವುದು. ನಮ್ಮವರಿಗೆ ಇದು ಹೊಸದೇನಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನೊಡನೆ ಬೆಸೆದಿರುವ ಯಕ್ಷಗಾನದ ನಾಡು ಕಾಸರಗೋಡು. ಅಲ್ಲಿಯ ತಾಳಮದ್ದಳೆಯಲ್ಲಿ ಹೊಸ ಅರ್ಥಧಾರಿ ಮೊದಲು ಹಿರಿಯರ ಪಕ್ಕದಲ್ಲಿ ಕುಳಿತು ಕೇಳುತ್ತಾನೆ, ಸಣ್ಣ ಪಾತ್ರಕ್ಕೆ ನಾಲ್ಕು ಮಾತು ಹೇಳುತ್ತಾನೆ, ಕಾಲಕ್ರಮದಲ್ಲಿ ಪ್ರಧಾನ ಪಾತ್ರವನ್ನು ವಹಿಸುತ್ತಾನೆ. ಪದ್ಯ ಎಲ್ಲರಿಗೂ ಒಂದೇ, ಅರ್ಥ ಮಾತ್ರ ಅವನದೇ. ಎದುರಾಳಿಯ ಮಾತನ್ನು ಕಿವಿಗೊಟ್ಟು ಕೇಳದವನಿಗೆ ಅಲ್ಲಿ ಸ್ಥಾನವಿಲ್ಲ. ಶಾಲಾ ಅಧ್ಯಾಪಕರು ಒಳ್ಳೆಯ ಅರ್ಥಧಾರಿಗಳಾಗಿರುವುದು ಆ ಸೀಮೆಯಲ್ಲಿ ಅಪರೂಪವಲ್ಲ. ಪಠ್ಯ ಇಲಾಖೆಯದಾದರೂ ಅದರ ಅರ್ಥವನ್ನು ಮಗುವಿನ ಮಾತಿಗೆ ಓಗೊಡುತ್ತ ತಾನೇ ಕಟ್ಟಬೇಕೆಂಬ ಪಾಠವನ್ನು ಈ ಕಲೆ ತರಬೇತಿ ಸಂಸ್ಥೆಗಳಿಗಿಂತ ಚೆನ್ನಾಗಿ ಕಲಿಸಬಲ್ಲುದು.

ಮೈಸೂರಿನಿಂದಲೂ ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ಭಾರತೀಯ ಭಾಷಾ ಸಂಸ್ಥಾನ ಅಲ್ಲಿ ೧೯೬೯ರಲ್ಲಿ ಸ್ಥಾಪನೆಯಾಯಿತು. ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರಕ್ಕೆ ಬೇರೆ ರಾಜ್ಯಗಳ ಅಧ್ಯಾಪಕರು ಬಂದು ಹತ್ತು ತಿಂಗಳು ಕನ್ನಡ, ಮಲಯಾಳ, ತಮಿಳು, ತೆಲುಗುಗಳಲ್ಲಿ ಒಂದನ್ನು ಕಲಿಯುತ್ತಾರೆ. ಹತ್ತಾರು ವರ್ಷ ಪಾಠ ಹೇಳಿದವರು ಮತ್ತೆ ಬೆಂಚಿನ ಮೇಲೆ ಕುಳಿತು 'ಅ, ಆ' ತಿದ್ದುತ್ತಾರೆ, ತಪ್ಪು ಉಚ್ಚರಿಸಿ ನಗೆಗೀಡಾಗುತ್ತಾರೆ. ಕಲಿಯುವವರ ಸಂಕೋಚ ಎಂತಹುದೆಂದು ಹೀಗೆ ಮೈಮೇಲೆ ಬಂದಾಗ ತಿಳಿಯುವಂತೆ ಪುಸ್ತಕದಿಂದ ತಿಳಿಯದು.

ಈ ನಿದರ್ಶನಗಳ ಆಧಾರದಿಂದ ಮೂರು ಸಲಹೆಗಳನ್ನು ಮುಂದಿಡಬಹುದು. ಒಂದು, ಹೊಸ ಅಧ್ಯಾಪಕರು ಮೊದಲ ವರ್ಷ ತರಗತಿಯ ಮಕ್ಕಳ ಮನೆಮಾತುಗಳ ಒಂದು ಪದಕೋಶವನ್ನು ಮಕ್ಕಳಿಂದಲೇ ಕೇಳಿ ಬರೆದುಕೊಳ್ಳಬೇಕು. ನೂರು ಪದಗಳಾದರೂ ಸಾಕು. ಎರಡು, ಮೇಲ್ವಿಚಾರಣೆಯ ಹಂಗಿಲ್ಲದ ಹಿರಿಯರೊಬ್ಬರ ಜೊತೆ ಅವರಿಗೆ ದೊರೆಯಬೇಕು. ಕೆಟ್ಟ ಪಾಠದ ವಿಷಯವನ್ನು ಅಂಜಿಕೆಯಿಲ್ಲದೆ ಹೇಳಿಕೊಳ್ಳಲು ಒಂದು ಜಗಲಿ ಬೇಕು. ಮೂರು, ತಿಂಗಳಿಗೊಮ್ಮೆಯಾದರೂ ಅಧ್ಯಾಪಕರು ಒಟ್ಟಾಗಿ ಕುಳಿತು ಪಠ್ಯದಲ್ಲಿಲ್ಲದ ಒಂದು ಕೃತಿಯನ್ನು ಓದಬೇಕು. ಪಾಠ ಮಾಡಬೇಕಾದ್ದನ್ನಷ್ಟೇ ಓದುವವರು ಕ್ರಮೇಣ ಅದನ್ನೂ ಓದುವುದನ್ನು ಬಿಡುತ್ತಾರೆ.

ತ್ರಿಪ್ಪುಣಿತ್ತುರಕ್ಕೆ ಬಂದಿದ್ದ ಆ ತರುಣಿಗೆ ಅಂದು ನಾವು ಇಷ್ಟೆಲ್ಲವನ್ನೂ ಹೇಳಲಿಲ್ಲ, ರೈಲಿಗೆ ಹೊತ್ತಾಗಿತ್ತು. ಮಕ್ಕಳಿಂದ ಅವರ ಮನೆಮಾತಿನ ಪದಗಳನ್ನು ಕೇಳಿ ಬರೆದಿಟ್ಟುಕೊಳ್ಳುವಂತೆ ಮಾತ್ರ ಹೇಳಿದೆವು. ಕೆಲವು ತಿಂಗಳ ಮೇಲೆ ಆಕೆಯ ಕಾಗದ ಬಂತು. ಕಾಯಂ ಹುದ್ದೆ ಇನ್ನೂ ಆಗಿರಲಿಲ್ಲ, ದಿನವೇತನದ ಕೆಲಸವೇ ಮುಂದುವರಿದಿತ್ತು. ಪುಸ್ತಕದಲ್ಲಿ ಅರುವತ್ತು ಪದಗಳಾದುವೆಂದೂ, ಅದುವರೆಗೆ ಬಾಯಿ ತೆರೆಯದಿದ್ದ ಹುಡುಗಿಯೊಬ್ಬಳು ಈಗ ದಿನಕ್ಕೊಂದು ಪದ ತಂದುಕೊಡುತ್ತಾಳೆಂದೂ, ಅವುಗಳಲ್ಲಿ ಹದಿನೈದರಷ್ಟು ತನಗೇ ತಿಳಿದಿರಲಿಲ್ಲವೆಂದೂ ಬರೆದಿದ್ದರು. ಸೀರೆಯ ಮಾತನ್ನು ಮತ್ತೆ ಎತ್ತಿರಲಿಲ್ಲ.

ಹುದ್ದೆಯನ್ನು ಕೊಡಬೇಕಾದುದು ಸರಕಾರದ ಕರ್ತವ್ಯ. ಭಾಷೆ ಬಲ್ಲವರಿಗೇ ಅದನ್ನು ಕೊಡಬೇಕೆಂದು ಕೇಳುವುದು ಕನ್ನಡಿಗರ ಹಕ್ಕು. ಅದರ ಮುಂದಿನ ಹೊಣೆ ಅಧ್ಯಾಪಕರದು. ಮಗುವಿನಿಂದ ಹದಿನೈದು ಪದ ಕಲಿತೆನೆಂದು ನಾಚಿಕೆಯಿಲ್ಲದೆ ಬರೆಯಬಲ್ಲವರು ಆ ಹೊಣೆಯನ್ನು ಹೊರಲು ತೊಡಗಿದ್ದಾರೆಂದು ನಾವು ತಿಳಿಯುತ್ತೇವೆ.